ದ್ಯಾಮಕ್ಕ ಅಲುಗದೆ ಮಲಗಿದ್ದು

ಗುಡೇಕೋಟೆಯ ದ್ಯಾಮಕ್ಕನನ್ನು ನಾನು ಮೊದಲ ಸಲ ನೋಡಿದ್ದು ನಮ್ಮ ಸ್ಕ್ಯಾನ್ ಸೆಂಟರಿನ ಬಾಗಿಲಲ್ಲಿ, ಅದೂ ಜಗಳದ ನಡುವೆ. ಆಯಾ ಗಾಲಿಕುರ್ಚಿ ತಂದು ಕೂತ್ಕೊಳ್ಳಿ ಕೂತ್ಕೊಳ್ಳಿ ಎಂದು ಬೆನ್ನು ಹತ್ತಿದ್ದಳು. ದ್ಯಾಮಕ್ಕ ಆ ಕುರ್ಚಿಯನ್ನು ಒಂದೇ ಕೈಯಲ್ಲಿ ಪಕ್ಕಕ್ಕೆ ತಳ್ಳಿ, “ಕಾಲು ಇನ್ನಾ ನಂದಾ ಐತಿ, ನಡೀತೀನಿ ಬಿಡವ್ವಾ” ಎಂದು ಕುಂಟುತ್ತಲೇ ಒಳಗೆ ಬಂದಳು. ಹಿಂದೆ ಆಕೆಯ ಮೈದುನ ಪಾಲಾಕ್ಷಪ್ಪ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಅತ್ತಿಗೆಯ ಚಪ್ಪಲಿ.

ನನ್ನ ಹೆಸರು ಮಾರೇಶ್. ಊರು ಕಾನಹೊಸಹಳ್ಳಿ, ಕೆಲಸ ದಾವಣಗೆರೆಯಲ್ಲಿ ಎಂಆರ್‌ಐ ಯಂತ್ರ ನಡೆಸುವುದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಹೇಳುತ್ತಾರೆ, ಇರಬಹುದು. ನನ್ನ ಯಂತ್ರವನ್ನು ‘ಫೋಟೋ ತೆಗೆಯೋ ಡಬ್ಬಿ’ ಎಂದವರನ್ನು ನಾನು ಸುಮ್ಮನೆ ಬಿಟ್ಟವನಲ್ಲ. ಆದರೆ ಈ ಹೆಂಗಸಿನ ಮೇಲೆ ಸಿಟ್ಟು ಮಾಡಲು ನನಗೆ ಕೊನೆಯವರೆಗೂ ಆಗಲಿಲ್ಲ. ನಮ್ಮ ಸೀಮೆಯಲ್ಲಿ ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ, ಅವರ ಮುಂದೆ ನನ್ನಂಥವರ ಸಿಟ್ಟು ನಡೆಯುವುದಿಲ್ಲ.

ದ್ಯಾಮಕ್ಕ ಹುಟ್ಟಿದ್ದು ಹಡಗಲಿ ಕಡೆ, ನೀರು ಕಂಡ ಸೀಮೆಯಲ್ಲಿ. ಮದುವೆಯಾಗಿ ಬಂದದ್ದು ಗುಡೇಕೋಟೆಗೆ, ಬರೀ ಬಂಡೆ ಮತ್ತು ಜಾಲಿ ಇರುವ ಕಡೆಗೆ. ಗಂಡ ಗಂಗಪ್ಪ ಬಲು ಮೆತ್ತನೆಯ ಮನುಷ್ಯ, ಕುರಿಗೂ ಗದರದವನು. ಹಾಗಾಗಿ ಮನೆಯ ಗದರಿಕೆಯೆಲ್ಲ ದ್ಯಾಮಕ್ಕನ ಪಾಲಿಗೆ ಬಂತು. ಕುರಿ ಹಿಂದೆ ಗುಡ್ಡ ಹತ್ತುವವಳೂ ಆಕೆಯೇ, ಕೊಟ್ಟೂರು ಸಂತೆಯಲ್ಲಿ ದಲ್ಲಾಳಿಗಳ ಬಾಯಿ ಮುಚ್ಚಿಸುವವಳೂ ಆಕೆಯೇ. ಆ ಗುಡ್ಡಗಳಲ್ಲಿ ಕರಡಿ ಬಹಳ. ಒಮ್ಮೆ ಇಳಿಜಾರಿನ ಕಾಲುದಾರಿಯಲ್ಲಿ ಕರಡಿಯೊಂದು ಎದುರಿಗೇ ಎದ್ದು ನಿಂತಿತಂತೆ. ಜೊತೆಗಿದ್ದವರು ಓಡಿದರು. ಈಕೆ ಕೋಲು ನೆಲಕ್ಕೆ ಕುಟ್ಟಿ, “ನಿನ್ನ ದಾರಿ ನಿನಗ, ನನ್ನ ದಾರಿ ನನಗ, ಸರಿ ಆ ಕಡೀಗೆ” ಎಂದಳಂತೆ. ಕರಡಿ ಸರಿಯಿತು. ಇದನ್ನು ನನಗೆ ಹೇಳಿದವನು ಪಾಲಾಕ್ಷಪ್ಪ, ಓಡಿದವರಲ್ಲಿ ತಾನೇ ಮುಂದಿದ್ದೆ ಎಂದೂ ಅವನೇ ಹೇಳಿದ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ದ್ಯಾಮಕ್ಕನ ಮೈಮೇಲೆ ಊರಮ್ಮ ಬರುತ್ತಿದ್ದಳು. ಮದುವೆಯಾದ ಮರುವರ್ಷ ಅಮ್ಮನ ಗುಡಿಯ ಮುಂದೆ ಉರುಮೆ ಬಡಿಯುತ್ತಿದ್ದಾಗ ಹೊಸ ಸೊಸೆ ಗಡಗಡ ನಡುಗಿ, ಕೂದಲು ಬಿಚ್ಚಿಕೊಂಡು ಕುಣಿದಳು. ಅಂದಿನಿಂದ ಮೂವತ್ತು ವರ್ಷ ಅಮ್ಮನಿಗೆ ಬೇರೆ ಮೈ ಬೇಕಾಗಲಿಲ್ಲ. ಉರುಮೆ ಬಡಿಯುವವನು ಪಾಲಾಕ್ಷಪ್ಪ, ಅಮ್ಮನಾಗುವವಳು ದ್ಯಾಮಕ್ಕ. ಕಳೆದುಹೋದ ಕುರಿ, ಕೂಡಿಬರದ ಹೆಣ್ಣು, ಬಾರದ ಮಳೆ, ಎಲ್ಲಕ್ಕೂ ಜನ ಬಂದು ಅವಳ ಕಾಲಿಗೆ ಬೀಳುತ್ತಿದ್ದರು. ಮೊದಲ ತಾಂಬೂಲ ಅವಳದು. ಊರಲ್ಲಿ ಆಕೆಯ ಮಾತಿಗೆ ಎದುರಾಡಿದವರು ಕಡಿಮೆ, ಯಾವ ಮಾತು ಆಕೆಯದು ಯಾವ ಮಾತು ಅಮ್ಮನದು ಎಂದು ಹೇಳುವ ಧೈರ್ಯ ಯಾರಿಗಿತ್ತು!

ಗಡ್ಡೆ ಎದ್ದಿದ್ದು ಬಲತೊಡೆಯ ಹಿಂಭಾಗದಲ್ಲಿ. ಮೊದಲು ನಿಂಬೆಕಾಯಿಯಷ್ಟಿತ್ತು, ನೋವಿರಲಿಲ್ಲ. ಬಂಡೆಗೆ ತಾಗಿ ಬಾತಿದೆ ಎಂದುಕೊಂಡು ಔಡಲೆಣ್ಣೆ ತಿಕ್ಕಿದಳು. ಅದು ತೆಂಗಿನಕಾಯಿಯ ಹೋಳಿನಷ್ಟಾದಾಗ ಕೂಡ್ಲಿಗಿಗೆ ಹೋದಳು, ಅಲ್ಲಿಂದ ದಾವಣಗೆರೆಗೆ. ಸೂಜಿ ಹಾಕಿ ತೆಗೆದ ತುಣುಕಿನ ಪರೀಕ್ಷೆಯಲ್ಲಿ ಅದು ಕೆಟ್ಟ ಗಡ್ಡೆ, ಕ್ಯಾನ್ಸರ್ ಎಂದು ಬಂತು. ಆಪರೇಷನ್ ಡಾಕ್ಟರು ನೇರ ಮನುಷ್ಯ. ಮುಚ್ಚುಮರೆಯಿಲ್ಲದೆ ಹೇಳಿದ್ದರು: “ತೊಡೆಯಲ್ಲಿ ಕಾಲಿಗೆ ರಕ್ತ ಒಯ್ಯುವ ದೊಡ್ಡ ನಾಳ ಇದೆ, ಪಕ್ಕದಲ್ಲೇ ನರ ಇದೆ. ಗಡ್ಡೆ ಅವನ್ನು ಅಪ್ಪಿಕೊಂಡಿದ್ದರೆ ಕಾಲನ್ನು ಸೊಂಟದ ಹತ್ತಿರವೇ ತೆಗೀಬೇಕು. ನಡುವೆ ಒಂದು ಎಳೆ ಜಾಗ ಇದ್ದರೂ ಸಾಕು, ಗಡ್ಡೆ ಮಾತ್ರ ತೆಗೆದು ಕಾಲು ಉಳಿಸ್ತೀನಿ. ಎಂಆರ್‌ಐ ಮಾಡಿಸಿಕೊಂಡು ಬಾ, ಅದರಲ್ಲಿ ಗೊತ್ತಾಗ್ತದೆ.”

ಹಾಗೆ ಬಂದಳು ನನ್ನ ಹತ್ತಿರ.

ಎಂಆರ್‌ಐ ಕೋಣೆಯೊಳಗೆ ಲೋಹ ಹೋಗಬಾರದು, ಅಲ್ಲಿರುವುದು ಭಾರೀ ಕಾಂತ. ಕಾಲುಂಗುರ, ಬೆಂಡೋಲೆ, ತಾಳಿ, ಸೊಂಟದ ಬೆಳ್ಳಿ ಡಾಬು ಎಲ್ಲ ಬಿಚ್ಚಿ ಪಾಲಾಕ್ಷಪ್ಪನ ಕಂಬಳಿಯ ಮಡಿಲು ಸೇರಿದವು. ಇಷ್ಟೇನಾ ಅಂದೆ. ಇಷ್ಟಾ ಅಂದಳು. ಆಯಾ ತಡಕಿದರೆ ರವಿಕೆಯ ಒಳಮಗ್ಗುಲಲ್ಲಿ ಸೇಫ್ಟಿ ಪಿನ್ನುಗಳ ಒಂದು ಮಾಲೆಯೇ ಇತ್ತು. “ಮುಳ್ಳು ತೆಗಿಯಾಕ ಬೇಕಾಗ್ತಾವು, ಅವನ್ನೂ ಬಿಡಬೇಕೇನು?” ಎಂದು ನನ್ನನ್ನೇ ಗದರಿದಳು.

ಮಲಗಿಸುವ ಮುಂಚೆ ಎಲ್ಲರಿಗೂ ನಾಲ್ಕು ಮಾತು ತಿಳಿಸಿ ಹೇಳುವುದು ನನ್ನ ಪದ್ಧತಿ. “ನೋಡಕ್ಕಾ, ಮೈಯಾಗ ಎಲ್ಲಾ ಕಡೀಗೂ ನೀರು ಐತಿ. ಈ ಕಾಂತ ಆ ನೀರಿನ ಕಣಗಳನ್ನ ಒಂದು ಸಾಲಿಗೆ ನಿಲ್ಲಿಸ್ತದ. ಆಮ್ಯಾಲೆ ಒಂದು ಅಲೆ ಬಿಟ್ಟು ಅವನ್ನ ತಳ್ಳತೀವಿ. ಅವು ತಿರುಗಿ ತಮ್ಮ ಜಾಗಕ್ಕ ಬರೋವಾಗ ಸಣ್ಣಗೆ ದನಿ ಕೊಡ್ತಾವು. ಕೊಬ್ಬಿನಾಗಿಂದು ಬೇಗ ಬರ್ತದ, ಗಡ್ಡಿಯಾಗಿಂದು ತಡ ಮಾಡ್ತದ. ಅದರಿಂದ ಯಾವುದು ಎಲ್ಲೈತಿ ಅಂತ ಚಿತ್ರ ಬರ್ತದ. ಕೊಯ್ಯೋದಿಲ್ಲ, ಚುಚ್ಚೋದಿಲ್ಲ.”

“ಕುರಿ ಕೊಯ್ದ ಮ್ಯಾಲೇ ನಮಗ ಅದರ ಒಳಗಿಂದು ಹೆಂಗೈತಿ ಗೊತ್ತಾಗೋದು” ಎಂದಳು. “ಕೊಯ್ಯಲಾರದ ನೋಡ್ತೀ ಅಂದ್ರ ಚಲೋನ ಬಿಡಪ್ಪ. ಗಡ್ಡಿ ಜೀವಂತ ಐತೋ ಸತ್ತೈತೋ ಅದೂ ತಿಳೀತದೇನು?”

ಇಂಥ ಪ್ರಶ್ನೆ ಕೇಳುವವರು ನನಗೆ ಸಿಗುವುದು ಅಪರೂಪ. ಖುಷಿಯಿಂದ ಹೇಳಿದೆ. ಕೆಟ್ಟ ಗಡ್ಡೆಯಲ್ಲಿ ಜೀವಕೋಶಗಳು ಒತ್ತೊತ್ತಾಗಿ ಬೆಳೆದಿರುತ್ತವೆ, ನಡುವಿನ ನೀರಿಗೆ ಓಡಾಡಲು ಜಾಗವೇ ಇರುವುದಿಲ್ಲ, ಆ ಓಡಾಟವನ್ನೂ ನಾವು ಅಳೆಯುತ್ತೇವೆ ಎಂದು. “ಹಟ್ಟಿ ತುಂಬಿ ಕುರಿ ಹೊಳ್ಳಾಕ ಜಾಗ ಇಲ್ಲಂಗ” ಎಂದು ಆಕೆ ತಾನೇ ಮುಗಿಸಿದಳು. ಹೂಂ, ಅಷ್ಟೇ ಎಂದೆ. ಅಲುಗಬಾರದು, ಕಾಲು ಒಂದು ಕೂದಲೆಳೆ ಸರಿದರೂ ಚಿತ್ರ ಕಲಸಿಹೋಗುತ್ತದೆ, ಯಂತ್ರ ದೊಡ್ಡದಾಗಿ ಸದ್ದು ಮಾಡುತ್ತದೆ, ಹೆದರಬೇಡ ಎಂದೆ. ಕರಡಿಗೆ ಹೆದರದವಳಿಗೆ ಈ ಮಾತು ಹೇಳಿದ್ದಕ್ಕೆ ಪಾಲಾಕ್ಷಪ್ಪ ಬಾಗಿಲಲ್ಲಿ ನಿಂತು ನಕ್ಕ.

ತೊಡೆಗೆ ಪಟ್ಟಿ ಬಿಗಿದು, ಕಿವಿಗೆ ಮುಚ್ಚಳ ಹಾಕಿ, ಕಾಲು ಮುಂದಾಗಿ ಒಳಗೆ ಸರಿಸಿದೆ. ತೊಡೆಯ ಸ್ಕ್ಯಾನಿಗೆ ತಲೆ ಯಂತ್ರದ ಬಾಯಿಯ ಹತ್ತಿರವೇ ಉಳಿಯುತ್ತದೆ, ಗಾಜಿನಾಚೆಯಿಂದ ನನಗೆ ಮುಖ ಕಾಣುತ್ತಿತ್ತು. ಮೊದಲು ಟಕ್ ಟಕ್ ಎಂಬ ಸಣ್ಣ ಸದ್ದು. ಆಕೆ ಕಣ್ಣು ಮುಚ್ಚಿ ಹಾಯಾಗಿದ್ದಳು. ಆಮೇಲೆ ಯಂತ್ರದೊಳಗಿನ ಸುರುಳಿಗಳಿಗೆ ಜೋರಾಗಿ ಕರೆಂಟು ಹರಿಯಲು ಶುರುವಾಗಿ, ಬಡಿತ ಎದ್ದಿತು. ಡಂ ಡಂ ಡಂ, ಥೇಟ್ ಉರುಮೆಯ ಹಾಗೆ, ಬಿಡುವಿಲ್ಲದೆ, ಮಲಗಿದ ಹಲಗೆಯೇ ಅದುರುವಂತೆ.

ದ್ಯಾಮಕ್ಕನ ತಲೆ ಒಮ್ಮೆ ಹೊರಳಿತು. ಭುಜ ನಡುಗಿತು. ಕೂದಲು ಬಿಚ್ಚಿತು. “ಹೋ...” ಎಂದು ಒಂದು ಕೂಗು ಬಂತು ನೋಡಿ, ಗಾಜಿನ ಈಚೆ ಕೂತ ನನ್ನ ಮೈಮೇಲಿನ ಕೂದಲು ನಿಂತಿತು. ಯಾವ ಕಾಯಿಲೆಯ ನಡುಕವೂ ಹಾಗಿರುವುದಿಲ್ಲ. ನಾನು ಕಾನಹೊಸಹಳ್ಳಿಯವನು, ಚಿಕ್ಕಂದಿನಿಂದ ನೋಡಿದ್ದೇನೆ. ಯಂತ್ರ ನಿಲ್ಲಿಸಿ ಓಡಿದೆ. ನಮ್ಮ ಡಾಕ್ಟರಮ್ಮ ನಾಗರತ್ನ, ಸ್ಕ್ಯಾನ್ ಓದುವವರು, ಫಿಟ್ಸ್ ಬಂತೆಂದು ಇಂಜೆಕ್ಷನ್ನಿಗೆ ಕೂಗುತ್ತ ನನ್ನ ಹಿಂದೆಯೇ ಬಂದರು. ಅಷ್ಟರಲ್ಲಿ ಪಾಲಾಕ್ಷಪ್ಪ ಚಪ್ಪಲಿ ಕಂಬಳಿ ಎರಡನ್ನೂ ಹೊರಗೇ ಎಸೆದು ಒಳನುಗ್ಗಿ, ಧೋತರದ ಗಂಟಿನಿಂದ ಅರಿಶಿನದ ಭಂಡಾರ ತೆಗೆದು ಅತ್ತಿಗೆಯ ಹಣೆಗೆ ಹಚ್ಚಿ ಕೈಮುಗಿದು ನಿಂತಿದ್ದ. “ತಪ್ಪಾತು ತಾಯಿ, ಇದು ನಿನ್ನ ಕರಿಯೋ ಜಾಗ ಅಲ್ಲ, ಶಾಂತ ಆಗು.”

ಅಮ್ಮ ಇಳಿದಳು. ದ್ಯಾಮಕ್ಕ ಕಣ್ಣು ಬಿಟ್ಟು, “ಮುಗೀತಾ?” ಎಂದಳು.

ಡಾಕ್ಟರಮ್ಮ ಹರಪನಹಳ್ಳಿಯವರು, ವಿಷಯ ತಿಳಿದ ಮೇಲೆ ನಗಲಿಲ್ಲ. ಮನಸ್ಸು ಹಗುರವಾಗುವ ಒಂದು ಗುಳಿಗೆ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಲಗಿಸಲು ಹೇಳಿದರು. ದ್ಯಾಮಕ್ಕನಿಗೆ ಮಂಪರು ಬಂತು, ಆಕಳಿಸಿದಳು. ಬಡಿತ ಶುರುವಾದದ್ದೇ ತಡ, ಎಲ್ಲಿತ್ತೋ ಆ ಶಕ್ತಿ, ತೊಡೆಯ ಪಟ್ಟಿಯೇ ಸಡಿಲಾಯಿತು. ಗುಳಿಗೆ ದ್ಯಾಮಕ್ಕನಿಗೆ ಹತ್ತಿತ್ತು, ಅಮ್ಮನಿಗೆ ಹತ್ತಿರಲಿಲ್ಲ.

ಇನ್ನು ಪೂರ್ತಿ ಎಚ್ಚರ ತಪ್ಪಿಸಿಯೇ ಮಾಡಬೇಕು. ಕಾಂತದ ಕೋಣೆಯಲ್ಲಿ ಎಚ್ಚರ ತಪ್ಪಿಸುವುದಕ್ಕೆ ಬೇರೆಯದೇ ಸಲಕರಣೆ ಬೇಕು, ನಮ್ಮಲ್ಲಿ ಇರಲಿಲ್ಲ. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗಿ ಪಾಳಿ ಕಾಯಬೇಕು. ಅಲ್ಲಿಯವರೆಗೆ ಗಡ್ಡೆ ಸುಮ್ಮನೆ ಕೂತಿರುವುದಿಲ್ಲ, ಈಗ ಒಂದೆಳೆ ಜಾಗ ಇದ್ದರೆ ಅದನ್ನೂ ತಿಂದಿರುತ್ತದೆ. ಡಾಕ್ಟರಮ್ಮ ಇದನ್ನು ಮೆಲ್ಲಗೆ ತಿಳಿಸಿ ಹೇಳಿದರು. ದ್ಯಾಮಕ್ಕ ಕೇಳಿದಳು. ಆಮೇಲೆ ನನ್ನತ್ತ ತಿರುಗಿ, “ಏನು ಕೆಟ್ಟೈತಿ ನನಗ ತೋರಿಸು” ಎಂದಳು.

ಪರದೆಯ ಮುಂದೆ ಕೂರಿಸಿ ತೋರಿಸಿದೆ. ಇದು ತೊಡೆಯ ಮೂಳೆ, ಇದು ಗಡ್ಡೆ, ಈ ಕಪ್ಪು ಚುಕ್ಕೆ ರಕ್ತನಾಳ. ಗಡ್ಡೆಗೂ ನಾಳಕ್ಕೂ ನಡುವೆ ಕೊಬ್ಬಿನ ಬಿಳಿ ಗೆರೆ ಇದ್ದರೆ ಕಾಲು ಉಳಿಯುತ್ತದೆ. ಆದರೆ ಮೈ ಅಲುಗಿ ಎಲ್ಲ ಗೆರೆಗಳೂ ಒಂದರ ಮೇಲೊಂದು ಬಿದ್ದು ಕಲಸಿವೆ. ಆಕೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. “ಚರ್ಮ ಸುಲಿಯೋವಾಗ ಮಾಂಸಕ್ಕೂ ತೊಗಲಿಗೂ ನಡುವ ಒಂದು ಪೊರಿ ಇರ್ತದಲ್ಲ, ಅದನ್ನ ಹುಡುಕಾಕ ಹತ್ತೀರಿ” ಎಂದಳು. ಹೌದಕ್ಕಾ ಎಂದೆ. “ಅದು ಕಾಣದಂಗ ಮಾಡಿದಾಕಿ ನಮ್ಮ ಅಮ್ಮ.”



ಆಗ ಬಂತು ನೋಡಿ ಆಕೆಗೆ ಸಿಟ್ಟು. ನನ್ನ ಮೇಲೆ ಅಲ್ಲ, ಡಾಕ್ಟರಮ್ಮನ ಮೇಲೂ ಅಲ್ಲ. ಎದ್ದು ಕುಂಟುತ್ತ ಹೋಗಿ ಯಂತ್ರದ ಕೋಣೆಯ ಬಾಗಿಲಲ್ಲಿ ನಿಂತಳು. ಭಂಡಾರ ಹಣೆಗಿಟ್ಟುಕೊಂಡು ಸೊಂಟದ ಮೇಲೆ ಕೈಯಿಟ್ಟಳು.

“ಕೇಳು ತಾಯಿ. ಮೂವತ್ತು ವರ್ಷ ನೀ ಕರದಾಗೆಲ್ಲಾ ಬಂದೀನಿ. ಬಾಣಂತಿ ಇದ್ದಾಗ ಬಂದೀನಿ, ಜ್ವರ ಇದ್ದಾಗ ಬಂದೀನಿ, ಒಲ್ಲೆ ಅಂದೀನೇನು? ಈಗ ನಾ ಹೇಳತೀನಿ, ನೀ ಬರಬ್ಯಾಡ.”

ಪಾಲಾಕ್ಷಪ್ಪ ಓಡಿಬಂದು ಕೈ ಹಿಡಿದ. ಮುಖ ಬಿಳಿಚಿಕೊಂಡಿತ್ತು. “ಅತ್ತಿಗಿ, ಹಂಗ ಅನಬ್ಯಾಡ. ಬಡಿತದ ಮುಂದ ನಿಂತು ಒಲ್ಲೆ ಅಂದಾಕಿ ಮೈಮ್ಯಾಲೆ ಅಮ್ಮ ಮತ್ತ ಬರಂಗಿಲ್ಲ. ನಿನಗಿಂತ ಮುಂಚೆ ಅಮ್ಮ ಬರ್ತಿದ್ದ ನಮ್ಮ ದೊಡ್ಡವ್ವಗ ಆಗಿದ್ದು ಮರತೇನು? ಸಾಯೋ ಮಟ ಗುಡಿ ಮುಂದ ಕಾದಳು, ತಾಯಿ ಕಣ್ಣೆತ್ತಿ ನೋಡ್ಲಿಲ್ಲ.”

“ಗೊತ್ತೈತಿ ಬಿಡ್ಲೇ.”

“ಊರಾಗ ನಿನ್ನ ಮಾತು ಯಾರು ಕೇಳ್ತಾರ ಆಮ್ಯಾಲೆ?”

“ಕಾಲಿಲ್ದಾಕಿ ಮಾತು ಕೇಳ್ತಾರೇನು? ಕುಂತಲ್ಲೇ ಕುಂತು ನಿಮ್ಮಣ್ಣನ ಕೈಲಿ ಅನ್ನ ಹಾಕಿಸ್ಕೊಂಡು ತಿನ್ನೋದು ನನ್ನಿಂದ ಆಗಂಗಿಲ್ಲ. ಗುಡ್ಡ ಹತ್ತಬೇಕು ನಾನು.” ಮತ್ತೆ ಬಾಗಿಲಿನತ್ತ ತಿರುಗಿದಳು. ಈಗ ದನಿ ಸಣ್ಣಗಾಗಿತ್ತು. “ನನ್ನ ಕಾಲು ಹೋದ್ರ ನೀ ಯಾವ ಕಾಲಿಲೆ ಕುಣಿತೀ, ನೀನಾ ಹೇಳು. ಮನಸಿದ್ರ ಬ್ಯಾರೆಯವರ ಮನಿಗೆ ಹೋಗು, ಬೇಜಾರಿಲ್ಲ. ಕಾಲು ನನಗ ಬೇಕು ತಾಯಿ.”

ಸೆರಗಿನಿಂದ ಮುಖ ಒರೆಸಿಕೊಂಡು ನನಗೆ ಹೇಳಿದಳು, “ನಡಿ ಮಾರೇಶಪ್ಪ, ಮಲಗಸು.”

ಮೂರನೆಯ ಸಲ ಮಲಗಿಸಿದೆ. ಕಿವಿಮುಚ್ಚಳ ಬಿಗಿಯಾಗಿ ಹಾಕಿದೆ, ಆದರೆ ಆ ಬಡಿತ ಕೇಳುವುದು ಕಿವಿಗಿಂತ ಹೆಚ್ಚಾಗಿ ಬೆನ್ನೆಲುಬಿಗೆ, ನನಗೆ ಗೊತ್ತು. ಸಣ್ಣ ಸದ್ದಿನ ಚಿತ್ರಗಳು ಮುಗಿದವು. ಬಡಿತದ ಸರದಿ ಬಂದಾಗ ಗುಂಡಿ ಒತ್ತಲು ನನ್ನ ಬೆರಳು ಒಂದು ಗಳಿಗೆ ಹಿಂಜರಿಯಿತು. ಒತ್ತಿದೆ. ಡಂ ಡಂ ಡಂ. ಈ ಸಲ ಆಕೆ ಕಣ್ಣು ಮುಚ್ಚಿರಲಿಲ್ಲ. ಅಗಲವಾಗಿ ಬಿಟ್ಟುಕೊಂಡು ಮೇಲೆ ನೋಡುತ್ತಿದ್ದಳು. ಭುಜದಲ್ಲಿ ಒಂದು ನಡುಕ ಹುಟ್ಟಿದ್ದು ನನಗೆ ಕಂಡಿತು. ಎರಡೂ ಕೈ ಹಾಸಿಗೆಯ ಬಟ್ಟೆಯನ್ನು ಹಿಂಡಿ ಹಿಡಿದವು, ತುಟಿ ಏನೋ ಹೇಳಿತು. ನಡುಕ ಅಲ್ಲೇ ಕರಗಿತು. ಮತ್ತೆ ಹುಟ್ಟಿತು, ಮತ್ತೆ ಕರಗಿತು. ಕಣ್ಣೀರು ಎರಡೂ ಕಡೆ ಕಿವಿಯತ್ತ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ತೊಡೆ ಮಾತ್ರ ಬಂಡೆಯ ಹಾಗೆ ಬಿದ್ದಿತ್ತು.

ನಾನು ದೇವರು ದಿಂಡರು ಎಂದು ಬಹಳ ಓಡಾಡುವವನಲ್ಲ. ಆದರೆ ಅಂದು ಗಾಜಿನ ಈಚೆ ಕೂತು ನಾನೂ ಕೈಮುಗಿದೆ. ಅಲ್ಲಿ ಒಬ್ಬಳೇ ಮಲಗಿದ್ದಳು ಎಂದು ನನಗೆ ಅನ್ನಿಸಲಿಲ್ಲ.

ಯಂತ್ರ ನಿಂತಾಗ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಡಾಕ್ಟರಮ್ಮ ಬಂದು ಪರದೆಯ ಮುಂದೆ ಕೂತು, ತೊಡೆಯನ್ನು ಮೇಲಿನಿಂದ ಕೆಳಗೆ ಹೋಳು ಹೋಳಾಗಿ ನೋಡುತ್ತ ಹೋದರು. ಗಡ್ಡೆ ಈಗ ಅಂಚು ಸಮೇತ ನಿಚ್ಚಳವಾಗಿತ್ತು. ನಾಳದ ಹತ್ತಿರ ಬಂದಾಗ ಅವರ ಕೈ ನಿಧಾನವಾಯಿತು. ಒಂದು ಹೋಳು, ಇನ್ನೊಂದು ಹೋಳು.

“ಐತೆ ನೋಡೋ ಮಾರೇಶ” ಎಂದರು.

ಇತ್ತು. ಗಡ್ಡೆಗೂ ನಾಳಕ್ಕೂ ನಡುವೆ, ನರದ ಬದಿಗೂ, ಬಿಳಿಯ ಸಣ್ಣ ಗೆರೆ. ಎಲ್ಲೂ ಕಡಿಯದೆ ಕೊನೆಯವರೆಗೂ ಇತ್ತು. ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಹೊರಗೆ ಬಂದು ದ್ಯಾಮಕ್ಕನಿಗೆ, “ಪೊರಿ ಐತಕ್ಕಾ, ಕಾಲು ಉಳೀತದ” ಎಂದೆ. ಡಾಕ್ಟರಮ್ಮ ಹಿಂದಿನಿಂದ, ಹಾಗೆಲ್ಲ ನಾವು ಹೇಳಬಾರದು, ಸರ್ಜನ್ ಹೇಳಬೇಕು ಎಂದು ಗದರಿದರು. ಗದರುವಾಗ ಅವರ ಕಣ್ಣಲ್ಲೂ ನೀರಿತ್ತು.

ದ್ಯಾಮಕ್ಕ ತಲೆಯಾಡಿಸಿದಳು. ಕಾಲುಂಗುರ ಹಾಕಿಕೊಂಡಳು, ಪಿನ್ನುಗಳ ಮಾಲೆಯನ್ನು ಮರೆಯದೆ ಇಸಿದುಕೊಂಡಳು. “ಹಸದೈತಿ, ಮಂಡಕ್ಕಿ ಮಿರ್ಚಿ ಎಲ್ಲಿ ಚಲೋ ಸಿಗ್ತದ?” ಎಂದು ಕೇಳಿದಳು. ಪಾಲಾಕ್ಷಪ್ಪ ಮಾತ್ರ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಏಳಲೇ ಎಂದು ಅವನನ್ನು ಎಬ್ಬಿಸಿಕೊಂಡು ಹೋದಳು.

ಆಪರೇಷನ್ ಆಯಿತು. ಗಡ್ಡೆ ಅಂಚು ಸಮೇತ ಬಂತು, ಕಾಲು ಉಳಿಯಿತು. ಆಮೇಲೆ ಗಡ್ಡೆ ಮರಳದಂತೆ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸುವುದು, ಊರಿಗೂ ದಾವಣಗೆರೆಗೂ ಅಲೆದಾಟ, ಎಲ್ಲ ಮುಗಿಯಿತು. ಮತ್ತೆ ಗಡ್ಡೆ ಚಿಗುರಿದೆಯೇನೋ ನೋಡಲು ಆಗಾಗ ಸ್ಕ್ಯಾನ್ ಮಾಡಬೇಕು. ಹಾಗೆ ಮರುವರ್ಷ ದ್ಯಾಮಕ್ಕ ಬಂದಾಗ ಗಾಲಿಕುರ್ಚಿಯ ಮಾತು ಯಾರೂ ಎತ್ತಲಿಲ್ಲ. ನಡಿಗೆಯಲ್ಲಿ ಸಣ್ಣ ವಾಲಿಕೆ ಇತ್ತು, ಅಷ್ಟೇ. ಗುಡ್ಡದ ನೆತ್ತಿಯವರೆಗೂ ಕುರಿ ಹೊಡೆದುಕೊಂಡು ಹೋಗುತ್ತೇನೆ ಎಂದಳು. ಬಡಿತ ಶುರುವಾದಾಗ ಗಾಜಿನಾಚೆ ನೋಡಿದೆ. ನಿದ್ದೆ ಹೋಗಿದ್ದಳು.

ಸ್ಕ್ಯಾನ್ ಚೊಕ್ಕಟವಾಗಿ ಬಂತು, ಏನೂ ಚಿಗುರಿರಲಿಲ್ಲ. ಹೊರಗೆ ಚಹಾ ಕೊಡಿಸಿದೆ. ತಡೆಯಲಾಗದೆ ಕೇಳಿದೆ: “ಅಮ್ಮ ಬಂದಳಾ ಅಕ್ಕಾ, ಈ ವರ್ಷ?”

“ನನ್ನ ಮ್ಯಾಲೆ ಬರಲಿಲ್ಲ” ಎಂದಳು. “ಪಾಲಾಕ್ಷ ಬಡದಾ ಬಡದ, ಕೈ ಸೋಲೋ ಮಟ ಬಡದ. ಊರು ಊರೇ ನನ್ನ ಮಾರಿ ನೋಡಾಕ ಹತ್ತಿತ್ತು. ಎಲ್ಡೂ ಕಾಲ ಮ್ಯಾಲೆ ಗಟ್ಟಿ ನಿಂತಿದ್ದೆ, ಒಂದು ಕೂದಲಾ ಅಲುಗಲಿಲ್ಲ. ಆಮ್ಯಾಲೆ ಹಿಂದ ನಿಂತ ರೇಣುಕಾ, ಪಾಲಾಕ್ಷನ ಸೊಸಿ, ಹೋ ಅಂದ್ಳು.”

ಬೇಜಾರಾಯಿತಾ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಆಕೆ ನನ್ನ ಮುಖ ನೋಡಿ ನಕ್ಕಳು.

“ಮಳ್ಳ ಅದೀ ನೀನು. ಮೂವತ್ತು ವರ್ಷ ಆಕಿ ನನ್ನ ಮೈಯಾಗ ಬಂದಳು, ಹೋದಳು. ಆಕಿ ಬಂದಾಗ ನಾನಾ ಇರತಿದ್ದಿಲ್ಲ. ಊರಾಗ ಎಲ್ಲಾರೂ ನೋಡ್ಯಾರ ಆಕಿನ್ನ, ನಾನೊಬ್ಬಾಕಿ ನೋಡಿದ್ದಿಲ್ಲ. ಈ ವರ್ಷ ನೋಡಿದೆ. ಹೋಗಿ ಕಾಲಿಗೆ ಬಿದ್ದೆ. ತಲಿ ಮ್ಯಾಲೆ ಕೈಯಿಟ್ಟು, ‘ಕಾಲು ಹೆಂಗೈತವ್ವಾ?’ ಅಂತ ಕೇಳಿದ್ಳು.”

“ನೀವೇನಂದ್ರಿ?”

“ಚಲೋ ಐತಿ ತಾಯಿ ಅಂದೆ.”